ಡಯಲ್-ಅಪ್ ಇಂಟರ್ನೆಟ್‌ನಲ್ಲಿ ಪ್ಯಾಕೆಟ್ ಸೈಜ್ ಹೊಂದಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಫೋನ್ ಲೈನಿನ ಮೂಲಕ ನಂಬರ್ ಡಯಲ್ ಮಾಡಿ ಪಡೆಯುವ ಡಯಲ್-ಅಪ್ ಇಂಟರ್ನೆಟ್ ನಿಧಾನ ಅಂತ ಎಲ್ಲರಿಗೂ ಗೊತ್ತು. ಆದರೆ ಆ ನಿಧಾನದಲ್ಲಿ ಎರಡು ಬಗೆ ಇದೆ. ಒಂದು, ಫೈಲ್ ಇಳಿಯಲು ಹಿಡಿಯುವ ಹೊತ್ತು. ಇನ್ನೊಂದು, ನೀವು ಒಂದು ಕೀಲಿ ಒತ್ತಿದ ಮೇಲೆ ಆ ಕಡೆಯಿಂದ ಉತ್ತರ ಬರುವವರೆಗೆ ಕಾಯುವ ಹೊತ್ತು. ಇಂಟರ್ನೆಟ್‌ನಲ್ಲಿ ಡೇಟಾ ಪ್ಯಾಕೆಟ್ ಎಂಬ ಪುಟ್ಟ ಕಟ್ಟುಗಳಾಗಿ ಹೋಗುತ್ತದೆ. ಆ ಪ್ಯಾಕೆಟ್‌ನ ಸೈಜ್ ಬದಲಿಸಿದರೆ ಮೊದಲನೆಯದರಲ್ಲಿ ಸಾಮಾನ್ಯವಾಗಿ ದೊಡ್ಡ ವ್ಯತ್ಯಾಸ ಆಗುವುದಿಲ್ಲ, ಕೆಲವೊಮ್ಮೆ ತುಸು ಕೆಡಲೂಬಹುದು. ಎರಡನೆಯದು ಮಾತ್ರ ಅನುಭವಕ್ಕೆ ಬರುವಷ್ಟು ಸುಧಾರಿಸುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಒಂದು ಸಂಖ್ಯೆ ಬದಲಿಸಿದರೆ ಸ್ಪೀಡ್ ದುಪ್ಪಟ್ಟಾಗುತ್ತದೆ ಎನ್ನುವ ಸಲಹೆ ಬಹಳ ಕಾಲದಿಂದ ಸುತ್ತುತ್ತಿದೆ. ಹಾಗೆ ಆಗುವುದಿಲ್ಲ. ಕಂಪ್ಯೂಟರನ್ನು ಫೋನ್ ಲೈನಿಗೆ ಜೋಡಿಸುವ ಮೋಡೆಮ್ ಎಷ್ಟು ಸ್ಪೀಡ್‌ನಲ್ಲಿ ಕನೆಕ್ಟ್ ಆಗಿದೆಯೋ ಅದೇ ಮೇಲಿನ ಮಿತಿ.

ಅಮೆರಿಕದ ಇಂಟರ್ನೆಟ್ ಕಂಪನಿ ಎಒಎಲ್ ತನ್ನ ಡಯಲ್-ಅಪ್ ಸೇವೆಯನ್ನು 2025ರ ಸೆಪ್ಟೆಂಬರ್ 30ಕ್ಕೆ ನಿಲ್ಲಿಸಿತು. ಆದರೂ ಬೇರೆ ದಾರಿ ಇಲ್ಲದ ಊರುಗಳಲ್ಲಿ, ಸ್ಯಾಟಲೈಟ್ ಫೋನ್ ಇಟ್ಟುಕೊಂಡ ಹಡಗುಗಳಲ್ಲಿ, ಹಳೆಯ ಕಂಪ್ಯೂಟರ್‌ಗಳನ್ನು ಪ್ರೀತಿಯಿಂದ ಓಡಿಸುವವರ ಮನೆಗಳಲ್ಲಿ ಇಂಥ ನಿಧಾನದ ಲೈನುಗಳು ಇನ್ನೂ ಬದುಕಿವೆ. ಈ ಬರಹ ಅವರಿಗಾಗಿ.

ಒಂದು ಮಾತು. ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರಗಳಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ಬೇರೆಯಾಗಿ ಹೇಳದಿದ್ದರೆ ಎಲ್ಲವೂ ಸಣ್ಣ ಅಕ್ಷರ.

ಎಂಟಿಯು ಅಂದರೆ ಏನು, ಅದು ಯಾಕೆ ಮುಖ್ಯ

ಒಂದೇ ಪ್ಯಾಕೆಟ್‌ನಲ್ಲಿ ಗರಿಷ್ಠ ಎಷ್ಟು ಬೈಟ್ ಕಳಿಸಬಹುದು ಎನ್ನುವ ಮಿತಿಗೆ ಎಂಟಿಯು ಅಂತಾರೆ. ಈಥರ್ನೆಟ್‌ನಲ್ಲಿ ಇದು 1500. ಡಯಲ್-ಅಪ್‌ನಲ್ಲಿ ಬಳಸುವ ಪಿಪಿಪಿ ಎಂಬ ಪ್ರೋಟೊಕಾಲ್‌ನಲ್ಲೂ (ಸಂಪರ್ಕದ ನಿಯಮಗಳ ಕಟ್ಟು) ಹುಟ್ಟು ಮಿತಿ 1500. ಇನ್ನೊಂದು ಸಂಖ್ಯೆ 576. ಪ್ಯಾಕೆಟ್‌ಗಳನ್ನು ವಿಳಾಸಕ್ಕೆ ಮುಟ್ಟಿಸುವ ಐಪಿ ಪ್ರೋಟೊಕಾಲ್‌ನ 1981ರ ನಿಯಮದ ಪ್ರಕಾರ ಪ್ರತಿ ಕಂಪ್ಯೂಟರ್ ಕನಿಷ್ಠ 576 ಬೈಟ್‌ನ ಪ್ಯಾಕೆಟ್ ಸ್ವೀಕರಿಸಲೇಬೇಕು. ಅದಕ್ಕೇ ಹಳೆಯ ಸಲಹೆಗಳಲ್ಲೆಲ್ಲ ಈ ಸಂಖ್ಯೆ ಮತ್ತೆ ಮತ್ತೆ ಕಾಣುತ್ತದೆ.

ಈ ಮಿತಿಯೊಳಗೇ ಹೆಡರ್, ಅಂದರೆ ವಿಳಾಸ ಮುಂತಾದ ವಿವರ ಹೊತ್ತ ಭಾಗ ಕೂಡ ಸೇರಿದೆ. ಐಪಿಗೆ 20 ಬೈಟ್, ಡೇಟಾ ಪೂರ್ತಿ ತಲುಪಿತೇ ಎಂದು ನೋಡಿಕೊಳ್ಳುವ ಟಿಸಿಪಿಗೆ 20 ಬೈಟ್, ಒಟ್ಟು 40. ಉಳಿದದ್ದು ನಿಮ್ಮ ನಿಜವಾದ ಡೇಟಾ. ಅಂದರೆ 1500ರಲ್ಲಿ 1460, 576ರಲ್ಲಿ 536. ಈ ಉಳಿದ ಭಾಗಕ್ಕೆ ಎಂಎಸ್‌ಎಸ್ ಅಂತ ಹೆಸರು. ಮುಂದೆ ಬೇಕಾಗುತ್ತದೆ, ನೆನಪಿಡಿ.

ಈಗ ಲೆಕ್ಕ ಹಾಕೋಣ. ವಿ.90 ಎಂಬ ಗುಣಮಟ್ಟದ ಮೋಡೆಮ್ ಫೈಲ್ ಕಳಿಸುವಾಗ ಮುಟ್ಟಬಹುದಾದ ಗರಿಷ್ಠ ಸ್ಪೀಡ್ 33.6 ಕೆಬಿಪಿಎಸ್, ಅಂದರೆ ಸೆಕೆಂಡಿಗೆ 4200 ಬೈಟ್. 1500 ಬೈಟ್‌ನ ಒಂದು ಪ್ಯಾಕೆಟ್ ಲೈನ್ ದಾಟಲು ಸುಮಾರು 357 ಮಿಲಿಸೆಕೆಂಡ್ ಬೇಕು. 576 ಬೈಟ್‌ನದಕ್ಕೆ 137 ಸಾಕು. ನೀವು ಇಮೇಲ್‌ಗೆ ಫೋಟೊ ಲಗತ್ತಿಸಿ ಕಳಿಸುತ್ತಾ, ಜೊತೆಗೆ ಚಾಟ್ ಮಾಡುತ್ತಿದ್ದೀರಿ ಅಂದುಕೊಳ್ಳಿ. ಚಾಟ್‌ನ ಪುಟ್ಟ ಪ್ಯಾಕೆಟ್ ಹೊರಡುವ ಹೊತ್ತಿಗೆ ಫೋಟೊದ ಪ್ಯಾಕೆಟ್ ಆಗಷ್ಟೇ ಲೈನ್ ಹತ್ತಿದ್ದರೆ ಅದು ಪೂರ್ತಿ ಹೋಗುವ ತನಕ ಕಾಯಲೇಬೇಕು. ಮಧ್ಯದಲ್ಲಿ ತೂರಿಕೊಳ್ಳಲು ದಾರಿಯಿಲ್ಲ. ಪ್ಯಾಕೆಟ್ ಚಿಕ್ಕದಾದರೆ ಸರದಿ ಬೇಗ ಬರುತ್ತದೆ. ಇರಿಡಿಯಮ್ ಸ್ಯಾಟಲೈಟ್ ಫೋನಿನ 2400 ಬಿಪಿಎಸ್ ಲೈನಿನಲ್ಲಿ ಈ ವ್ಯತ್ಯಾಸ ಇನ್ನೂ ಘೋರ: 1500 ಬೈಟ್‌ಗೆ 5 ಸೆಕೆಂಡ್, 576ಕ್ಕೆ 2 ಸೆಕೆಂಡಿಗಿಂತ ತುಸು ಕಡಿಮೆ.

ಇದಕ್ಕೆ ತೆರುವ ಬೆಲೆಯೂ ಇದೆ. 1 ಎಂಬಿ ಫೈಲ್ ಇಳಿಸಲು 1500ರ ಲೆಕ್ಕದಲ್ಲಿ 719 ಪ್ಯಾಕೆಟ್ ಬೇಕು, 576ರ ಲೆಕ್ಕದಲ್ಲಿ 1957. ಪ್ರತಿಯೊಂದಕ್ಕೂ 40 ಬೈಟ್ ಹೆಡರ್. 48 ಕೆಬಿಪಿಎಸ್ ಕನೆಕ್ಷನ್‌ನಲ್ಲಿ ಮೊದಲನೆಯದಕ್ಕೆ ಸುಮಾರು 180 ಸೆಕೆಂಡ್, ಎರಡನೆಯದಕ್ಕೆ 188. ಮೂರು ನಿಮಿಷದ ಕೆಲಸಕ್ಕೆ 8 ಸೆಕೆಂಡ್ ಜಾಸ್ತಿ. ದೊಡ್ಡ ನಷ್ಟವಲ್ಲ, ಆದರೆ ಲಾಭವಂತೂ ಅಲ್ಲ. ಈ ನಷ್ಟವನ್ನೂ ಬಹುಪಾಲು ಉಳಿಸುವ ಉಪಾಯವಿದೆ, ಹಂತ 5ರಲ್ಲಿ ಬರುತ್ತದೆ.

ಹಾಗಾದರೆ ಎಂಟಿಯು ಬದಲಿಸಿ ಡೌನ್‌ಲೋಡ್ ನಿಜಕ್ಕೂ ಚುರುಕಾಯಿತು ಎನ್ನುವವರು ಸುಳ್ಳು ಹೇಳುತ್ತಾರಾ? ಇಲ್ಲ. ದಾರಿಯಲ್ಲಿ ಎಲ್ಲೋ ಒಂದು ಕಡೆ ಮಿತಿ 576 ಇದ್ದು, ಪ್ಯಾಕೆಟ್ 1500 ಇದ್ದರೆ ಅದು ಮೂರು ತುಂಡಾಗುತ್ತದೆ. ಮೂರಕ್ಕೂ ಬೇರೆ ಬೇರೆ ಐಪಿ ಹೆಡರ್. ಒಂದು ತುಂಡು ಕಳೆದುಹೋದರೂ ಪೂರ್ತಿ ಪ್ಯಾಕೆಟ್ ಮತ್ತೆ ಕಳಿಸಬೇಕು. ವಿಂಡೋಸ್ 95 ಡಯಲ್-ಅಪ್‌ಗೂ 1500 ಬಳಸುತ್ತಿತ್ತು. ದಾರಿಯಲ್ಲಿ ಚಿಕ್ಕ ಮಿತಿ ಇದ್ದವರಿಗೆ ಇದರಿಂದ ಪೆಟ್ಟು ಬೀಳುತ್ತಿತ್ತು, ಅಂಥವರಿಗೆ 576 ನಿಜವಾದ ಔಷಧಿ. ನಿಮ್ಮ ಲೈನ್ ಹಾಗಿದೆಯೋ ಇಲ್ಲವೋ ಎಂದು ಊಹಿಸುವುದು ಬೇಡ, ಅಳೆದು ನೋಡಬಹುದು.

ಹಂತ 1: ಈಗಿನ ಸ್ಥಿತಿ ಬರೆದಿಟ್ಟುಕೊಳ್ಳಿ

ಕನೆಕ್ಟ್ ಆದ ಮೇಲೆ ಕನೆಕ್ಷನ್ ಐಕಾನ್ ಮೇಲೆ ಎರಡು ಸಲ ಕ್ಲಿಕ್ ಮಾಡಿ ಸ್ಪೀಡ್ ನೋಡಿ. ಅಲ್ಲಿ 115200 ಅಂತ ಬಂದರೆ ಮೋಸಹೋಗಬೇಡಿ. ಅದು ಕಂಪ್ಯೂಟರ್ ಮತ್ತು ಮೋಡೆಮ್ ನಡುವಿನ ಪೋರ್ಟ್ ಸ್ಪೀಡ್, ಫೋನ್ ಲೈನಿನದಲ್ಲ. ಮೋಡೆಮ್ ಪ್ರಾಪರ್ಟೀಸ್‌ನಲ್ಲಿ ಪೋರ್ಟ್ ಸ್ಪೀಡ್ 115200 ಇದ್ದರೆ ಒಳ್ಳೆಯದು. ಜೊತೆಗೆ ಎರರ್ ಕಂಟ್ರೋಲ್ (ತಪ್ಪು ತಿದ್ದುವುದು) ಮತ್ತು ಕಂಪ್ರೆಷನ್ (ಡೇಟಾ ಕುಗ್ಗಿಸುವುದು) ಆನ್ ಇದೆಯಾ ಎಂದು ಖಚಿತ ಮಾಡಿಕೊಳ್ಳಿ.

ಲೈನಿನಲ್ಲಿ ಗೊರಗೊರ ಸದ್ದು ಇದ್ದರೆ ಪ್ಯಾಕೆಟ್ ಚಿಕ್ಕದು ಮಾಡಿ ಎನ್ನುವ ಸಲಹೆ ನೀವು ಕೇಳಿರಬಹುದು. ಎರರ್ ಕಂಟ್ರೋಲ್ ಆಫ್ ಇದ್ದಾಗ ಮಾತ್ರ ಅದಕ್ಕೆ ಅರ್ಥ. ವಿ.42 ಎಂಬ ಎರರ್ ಕಂಟ್ರೋಲ್ ವಿಧಾನ ಆನ್ ಇದ್ದರೆ ಮೋಡೆಮ್‌ಗಳು ಡೇಟಾವನ್ನು ತಮ್ಮದೇ ಪುಟ್ಟ ಫ್ರೇಮ್‌ಗಳಾಗಿ ಕಟ್ಟಿ ಕಳಿಸುತ್ತವೆ, ಮಾಮೂಲಿ ಅಳತೆ 128 ಬೈಟ್. ಕೆಟ್ಟುಹೋದ ಫ್ರೇಮನ್ನು ತಮ್ಮೊಳಗೇ ಮತ್ತೆ ಕಳಿಸಿಕೊಳ್ಳುತ್ತವೆ. ಮೇಲಿನ ಪ್ಯಾಕೆಟ್ 576 ಇರಲಿ, 1500 ಇರಲಿ, ಅವಕ್ಕೆ ಒಂದೇ. ಲೈನ್ ಕೆಟ್ಟಿದ್ದರೆ ಮೊದಲು ಗೋಡೆಯ ಸಾಕೆಟ್‌ನಿಂದ ಮೋಡೆಮ್‌ವರೆಗಿನ ವಯರ್ ಬದಲಿಸಿ ನೋಡಿ. ಎಂಟಿಯುಗಿಂತ ಅದರಿಂದ ಜಾಸ್ತಿ ಪ್ರಯೋಜನವಾಗಬಹುದು.

ಹಂತ 2: ಪ್ಯಾಕೆಟ್ ಒಡೆಯದೆ ಎಷ್ಟು ದೊಡ್ಡದು ಹೋಗುತ್ತದೆ?

ಈ ಪರೀಕ್ಷೆಗೆ ಪಿಂಗ್ ಸಾಕು. ಇನ್ನೊಂದು ಕಂಪ್ಯೂಟರ್‌ಗೆ ಪ್ಯಾಕೆಟ್ ಕಳಿಸಿ ಉತ್ತರ ಬರುತ್ತದೆಯೇ ಎಂದು ನೋಡುವ ಕಮಾಂಡ್ ಅದು. ಆದರೆ ನಿಮ್ಮ ಕಂಪ್ಯೂಟರ್‌ನ ಸ್ವಂತ ಎಂಟಿಯು ಮೊದಲು 1500 ಇರಬೇಕು (ಬದಲಿಸುವ ವಿಧಾನ ಹಂತ 4ರಲ್ಲಿದೆ). ಅದೇ 576 ಇದ್ದರೆ ಪಿಂಗ್ ಮನೆಯ ಬಾಗಿಲಲ್ಲೇ ನಿಲ್ಲುತ್ತದೆ, ಹೊರಗಿನ ದಾರಿಯ ಬಗ್ಗೆ ಏನೂ ತಿಳಿಯುವುದಿಲ್ಲ.

ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಹೀಗೆ ಟೈಪ್ ಮಾಡಿ: ಪಿಂಗ್ -ಎಫ್ -ಎಲ್ 1472 -ಡಬ್ಲ್ಯು 5000, ಆಮೇಲೆ ಜಾಗ ಬಿಟ್ಟು ನಿಮ್ಮ ಇಂಟರ್ನೆಟ್ ಕಂಪನಿಯ ಡಿಎನ್‌ಎಸ್ ಸರ್ವರ್‌ನ (ಸೈಟ್‌ಗಳ ಹೆಸರಿಗೆ ವಿಳಾಸ ಹುಡುಕಿಕೊಡುವ ಕಂಪ್ಯೂಟರ್) ವಿಳಾಸ. ಅದು ಉತ್ತರಿಸದಿದ್ದರೆ ಪಿಂಗ್‌ಗೆ ಓಗೊಡುವ ಬೇರೆ ಸರ್ವರ್ ಹುಡುಕಿ. ಇದರಲ್ಲಿ ಎಫ್ ಎಂದರೆ ಪ್ಯಾಕೆಟ್ ಒಡೆಯಬೇಡ ಎಂಬ ಆಜ್ಞೆ. 1472ಕ್ಕೆ 28 ಬೈಟ್ ಹೆಡರ್ ಸೇರಿ 1500 ಆಗುತ್ತದೆ. ಕೊನೆಯ 5000 ಎಂದರೆ ಉತ್ತರಕ್ಕೆ 5 ಸೆಕೆಂಡ್ ಕಾಯಬೇಕು ಎಂದು. ಇದನ್ನು ಬಿಡಬೇಡಿ. ಇಷ್ಟು ದೊಡ್ಡ ಪಿಂಗ್ ಹೋಗಿ ಬರಲು ಲೈನಿನಲ್ಲೇ ಅರ್ಧ ಸೆಕೆಂಡಿಗೂ ಜಾಸ್ತಿ ಹಿಡಿಯಬಹುದು. ಬೇಗ ಕೈಬಿಡುವ ಹಳೆಯ ಪಿಂಗ್ ಪ್ರೋಗ್ರಾಂ ಸುಮ್ನೆ ಟೈಮ್ ಔಟ್ ಅಂತ ತೋರಿಸಿ ದಾರಿ ತಪ್ಪಿಸುತ್ತದೆ.

ಲಿನಕ್ಸ್‌ನಲ್ಲಿ ಇದೇ ಕೆಲಸಕ್ಕೆ: ಪಿಂಗ್ -ಎಂ ಡೂ -ಎಸ್ 1472, ಆಮೇಲೆ ವಿಳಾಸ. ಇಲ್ಲಿ ಎಂ ಮಾತ್ರ ದೊಡ್ಡ ಅಕ್ಷರ.

ಉತ್ತರ ಬಂದರೆ ದಾರಿ ಪೂರ್ತಿ 1500ಕ್ಕೆ ತೆರೆದಿದೆ. ಪ್ಯಾಕೆಟ್ ಒಡೆಯಬೇಕು ಆದರೆ ಡಿಎಫ್ (ಒಡೆಯಬೇಡ ಎಂಬ ಗುರುತು) ಸೆಟ್ ಆಗಿದೆ ಎಂಬ ಅರ್ಥದ ಸಾಲು ಬಂದರೆ, ಅಥವಾ ಚಿಕ್ಕ ಪಿಂಗ್‌ಗೆ ಉತ್ತರ ಬಂದು ದೊಡ್ಡದಕ್ಕೆ ಏನೂ ಬರದಿದ್ದರೆ, ಸಂಖ್ಯೆ ಇಳಿಸುತ್ತಾ ಹೋಗಿ. 1472, 1400, 972, 548. ಯಾವುದೋ ಒಂದಕ್ಕೆ ಉತ್ತರ ಬರುತ್ತದೆ. ಅದಕ್ಕೂ ಹಿಂದಿನದಕ್ಕೂ ನಡುವೆ ಹುಡುಕಿ, ಉತ್ತರ ಬರುವ ಅತಿ ದೊಡ್ಡ ಸಂಖ್ಯೆ ಹಿಡಿಯಿರಿ. ಅದಕ್ಕೆ 28 ಕೂಡಿಸಿ. ಅದೇ ನಿಮ್ಮ ದಾರಿಯ ಎಂಟಿಯು. ಬೇರೆ ಬೇರೆ ಕಡೆಯ ಎರಡು ಮೂರು ವಿಳಾಸಗಳಿಗೆ ಮಾಡಿ ನೋಡಿದರೆ ಒಳ್ಳೆಯದು, ಏಕೆಂದರೆ ಕೆಲವು ಸರ್ವರ್‌ಗಳು ದೊಡ್ಡ ಪಿಂಗ್‌ಗೆ ಉತ್ತರಿಸುವುದೇ ಇಲ್ಲ.

ಈ ಪರೀಕ್ಷೆಯಲ್ಲಿ ಕಾಣುವ ಮಿಲಿಸೆಕೆಂಡ್‌ಗಳನ್ನು ಮಾತ್ರ ನಂಬಬೇಡಿ. ವಿಂಡೋಸ್ ಪಿಂಗ್ ತನ್ನ ಪ್ಯಾಕೆಟ್‌ಗೆ ತುಂಬುವುದು ಒಂದೇ ಅಕ್ಷರಮಾಲೆಯನ್ನು, ಎ ಇಂದ ಡಬ್ಲ್ಯುವರೆಗೆ, ಮತ್ತೆ ಮತ್ತೆ. ಮೋಡೆಮ್‌ನ ವಿ.42ಬಿಸ್ ಕಂಪ್ರೆಷನ್ ಅದನ್ನು ಚೆನ್ನಾಗಿ ಕುಗ್ಗಿಸುತ್ತದೆ. ಹಾಗಾಗಿ ದೊಡ್ಡ ಪಿಂಗ್ ನಿಜಕ್ಕಿಂತ ಬೇಗ ಬಂದಂತೆ ತೋರುತ್ತದೆ.

ಹಂತ 3: ಸಂಖ್ಯೆ ಆರಿಸಿ

ದಾರಿಯ ಮಿತಿ ಮೀರಿ ಯಾವತ್ತೂ ಹೋಗಬೇಡಿ. ಅದರೊಳಗೆ ನಿಮ್ಮ ಬಳಕೆ ನೋಡಿ.

ಹೆಚ್ಚಾಗಿ ಫೈಲ್ ಇಳಿಸುವುದು, ಇಮೇಲ್ ಓದುವುದು, ಒಂದು ಸಲಕ್ಕೆ ಒಂದೇ ಕೆಲಸ ಅಂದರೆ 1500 ಇರಲಿ, ಅಥವಾ ನಿಮ್ಮ ದಾರಿ ಬಿಡುವಷ್ಟು. ಆನ್‌ಲೈನ್ ಆಟ, ಚಾಟ್, ದೂರದ ಕಂಪ್ಯೂಟರ್‌ಗೆ ಟೆಲ್ನೆಟ್ ಅಥವಾ ಎಸ್‌ಎಸ್‌ಎಚ್ ಮಾಡುವಾಗಲೇ ಇನ್ನೊಂದು ಫೈಲ್ ಓಡುತ್ತಿರುತ್ತದೆ ಅಂದರೆ 576. ನಡುವಿನ 1000 ಯಾರಿಗೆ? ಎರಡೂ ಬೇಕು ಎನ್ನುವವರಿಗೆ ಅಂತ ಹೇಳುತ್ತಾರೆ. ನನ್ನ ಮಟ್ಟಿಗೆ ಅದು ಯಾವುದನ್ನೂ ಪೂರ್ತಿ ಕೊಡುವುದಿಲ್ಲ. 576ಕ್ಕಿಂತ ಕೆಳಗೆ ಇಳಿಯುವುದೂ ಬೇಡ, ಅಲ್ಲಿ ಹೆಡರ್‌ನ ಪಾಲು ಬೇಗ ಏರುತ್ತದೆ.

ಕೆಲವು ಸೈಟ್‌ಗಳು ತೆರೆಯುತ್ತವೆ, ಕೆಲವು ಅರ್ಧಕ್ಕೇ ಸಿಕ್ಕಿಹಾಕಿಕೊಳ್ಳುತ್ತವೆ, ಇದು ದಿನವೂ ಅವೇ ಸೈಟ್‌ಗಳಲ್ಲಿ ಆಗುತ್ತದೆ ಅಂದರೆ ಅದು ಬೇರೆ ಕಾಯಿಲೆ ಇರಬಹುದು. ದಾರಿಯಲ್ಲಿ ಯಾರೋ ದೊಡ್ಡ ಪ್ಯಾಕೆಟ್ ತಡೆದು, ತಡೆದೆ ಎಂದು ತಿಳಿಸುವ ಐಸಿಎಂಪಿ ಸಂದೇಶವನ್ನೂ ನುಂಗುತ್ತಿರುತ್ತಾರೆ. ಇದಕ್ಕೆ 1400 ಹಾಕಿ ನೋಡಿ, ಸಾಲದಿದ್ದರೆ ಇನ್ನೂ ಇಳಿಸಿ.

ಹಂತ 4: ಬದಲಿಸುವುದು

ವಿಂಡೋಸ್ 98 ಮತ್ತು ಎಂಇ ಬಳಸುವವರಿಗೆ ಇದು ಸುಲಭ. ಕಂಟ್ರೋಲ್ ಪ್ಯಾನೆಲ್, ನೆಟ್‌ವರ್ಕ್, ಡಯಲ್-ಅಪ್ ಅಡಾಪ್ಟರ್, ಪ್ರಾಪರ್ಟೀಸ್, ಅಡ್ವಾನ್ಸ್ಡ್. ಅಲ್ಲಿ ಐಪಿ ಪ್ಯಾಕೆಟ್ ಸೈಜ್ ಎಂಬ ಸಾಲು ಸಿಗುತ್ತದೆ. ಲಾರ್ಜ್ ಎಂದರೆ 1500, ಮೀಡಿಯಂ 1000, ಸ್ಮಾಲ್ 576. ಆಟೊಮ್ಯಾಟಿಕ್ ಇದ್ದರೆ ನಿಧಾನದ ಲೈನಿಗೆ ಅದೇ 576 ಆರಿಸುತ್ತದೆ. ಅಂದರೆ ಏನೂ ಮುಟ್ಟದವರು ಆಗಲೇ 576ರಲ್ಲಿ ಇದ್ದಾರೆ, ಡೌನ್‌ಲೋಡ್ ಮಾತ್ರ ಬೇಕಿದ್ದರೆ ಅವರು ಲಾರ್ಜ್‌ಗೆ ಹೋಗಬೇಕು. ಆಮೇಲೆ ರೀಸ್ಟಾರ್ಟ್ ಮಾಡಿ.

ವಿಂಡೋಸ್ ಎಕ್ಸ್‌ಪಿಯಲ್ಲಿ ಇದಕ್ಕೆ ಬಟನ್ ಇಲ್ಲ, ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿ ತೆರೆಯಬೇಕು. ಮೊದಲು ಫೈಲ್ ಮೆನುವಿನ ಎಕ್ಸ್‌ಪೋರ್ಟ್‌ನಿಂದ ಬ್ಯಾಕಪ್ ತೆಗೆದಿಡಿ. ಎಚ್‌ಕೀ ಲೋಕಲ್ ಮಷೀನ್ ಒಳಗೆ ಸಿಸ್ಟಮ್, ಕರೆಂಟ್ ಕಂಟ್ರೋಲ್ ಸೆಟ್, ಸರ್ವಿಸಸ್, ಎನ್‌ಡಿಐಎಸ್‌ವ್ಯಾನ್, ಪ್ಯಾರಾಮೀಟರ್ಸ್ ತನಕ ಹೋಗಿ. ಅಲ್ಲಿ ಪ್ರೋಟೊಕಾಲ್ಸ್ ಎಂಬ ಕೀ, ಅದರೊಳಗೆ 0 ಎಂಬ ಕೀ ಮಾಡಿ. ಒಳಗೆ ಮೂರು ಡಿವರ್ಡ್ (ಸಂಖ್ಯೆ ಇಡುವ ನಮೂದು) ಬೇಕು, ಹೆಸರುಗಳ ನಡುವೆ ಜಾಗ ಬಿಡಬಾರದು: ಪ್ರೋಟೊಕಾಲ್‌ಟೈಪ್‌ಗೆ ಹೆಕ್ಸ್‌ನಲ್ಲಿ 800, ಪಿಪಿಪಿಪ್ರೋಟೊಕಾಲ್‌ಟೈಪ್‌ಗೆ ಹೆಕ್ಸ್‌ನಲ್ಲಿ 21, ಪ್ರೋಟೊಕಾಲ್‌ಎಂಟಿಯುಗೆ ಡೆಸಿಮಲ್‌ನಲ್ಲಿ ನಿಮ್ಮ ಸಂಖ್ಯೆ. ಹೆಕ್ಸ್ ಮತ್ತು ಡೆಸಿಮಲ್ ಗುಂಡಿ ಅದಲುಬದಲಾದರೆ 576 ಹೋಗಿ 1398 ಆಗುತ್ತದೆ, ಎರಡು ಸಲ ನೋಡಿ. ಇದಾದ ಮೇಲೂ ರೀಸ್ಟಾರ್ಟ್ ಬೇಕು.

ವಿಸ್ಟಾ ಮತ್ತು ಅದರ ನಂತರದ ವಿಂಡೋಸ್‌ಗಳಲ್ಲಿ ಕನೆಕ್ಟ್ ಆಗಿ, ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ನೆಟ್‌ಎಸ್‌ಎಚ್ ಇಂಟರ್ಫೇಸ್ ಐಪಿವಿ4 ಶೋ ಸಬ್‌ಇಂಟರ್ಫೇಸಸ್ ಎಂದು ಟೈಪ್ ಮಾಡಿದರೆ ಪ್ರತಿ ಕನೆಕ್ಷನ್‌ನ ಎಂಟಿಯು ಪಟ್ಟಿ ಬರುತ್ತದೆ. ಬದಲಿಸಲು ನೆಟ್‌ಎಸ್‌ಎಚ್ ಇಂಟರ್ಫೇಸ್ ಐಪಿವಿ4 ಸೆಟ್ ಸಬ್‌ಇಂಟರ್ಫೇಸ್, ಆಮೇಲೆ ಉದ್ಧರಣ ಚಿಹ್ನೆಯೊಳಗೆ ಕನೆಕ್ಷನ್ ಹೆಸರು, ಆಮೇಲೆ ಎಂಟಿಯು=576. ಮುಂದಿನ ಸಲ ಡಯಲ್ ಮಾಡಿದಾಗ ಪಟ್ಟಿ ಮತ್ತೊಮ್ಮೆ ನೋಡಿ, ಹೊಸ ಸಂಖ್ಯೆ ಉಳಿದಿಲ್ಲದಿದ್ದರೆ ಮತ್ತೆ ಹಾಕಬೇಕು.

ಲಿನಕ್ಸ್‌ನಲ್ಲಿ ಪಿಪಿಪಿ ಕನೆಕ್ಷನ್ ನಡೆಸುವ ಪಿಪಿಪಿಡಿ ಪ್ರೋಗ್ರಾಂನ ಆಪ್ಷನ್ಸ್ ಫೈಲ್‌ನಲ್ಲಿ ಎರಡು ಸಾಲು ಸೇರಿಸಿ: ಎಂಟಿಯು 576, ಎಂಆರ್‌ಯು 576. ಎರಡೂ ಯಾಕೆ? ಎಂಟಿಯು ನೀವು ಕಳಿಸುವ ಪ್ಯಾಕೆಟ್‌ಗೆ ಮಿತಿ. ಎಂಆರ್‌ಯು ಎಂದರೆ ಆ ಕಡೆಯವರಿಗೆ ನನಗೆ ಇಷ್ಟಕ್ಕಿಂತ ದೊಡ್ಡದು ಕಳಿಸಬೇಡಿ ಎಂದು ಹೇಳುವುದು. ಡೌನ್‌ಲೋಡ್ ಪ್ಯಾಕೆಟ್‌ಗಳ ಸೈಜ್ ನಿಮ್ಮ ಎಂಟಿಯುನಿಂದ ನೇರವಾಗಿ ನಿರ್ಧಾರ ಆಗುವುದಿಲ್ಲ. ಟಿಸಿಪಿ ಕನೆಕ್ಷನ್ ಶುರುವಾಗುವಾಗ ನಿಮ್ಮ ಕಂಪ್ಯೂಟರ್ ತನ್ನ ಎಂಎಸ್‌ಎಸ್ ತಿಳಿಸುತ್ತದೆ, ಸರ್ವರ್ ಅದನ್ನು ಮೀರುವುದಿಲ್ಲ. ಆ ಎಂಎಸ್‌ಎಸ್ ನಿಮ್ಮ ಎಂಟಿಯುನಿಂದ ಲೆಕ್ಕ ಹಾಕಿದ್ದು. ಎಂಟಿಯು ಬದಲಿಸಿದರೆ ಎರಡೂ ಕಡೆ ಪರಿಣಾಮ ಕಾಣುವುದು ಇದರಿಂದಲೇ. ಬದಲಿಸುವಾಗ ತೆರೆದಿದ್ದ ಡೌನ್‌ಲೋಡ್ ಹಳೆಯ ಸೈಜ್‌ನಲ್ಲೇ ಮುಂದುವರಿಯುತ್ತದೆ, ಅದನ್ನು ನಿಲ್ಲಿಸಿ ಮತ್ತೆ ಶುರು ಮಾಡಿ.

ಹಂತ 5: ಹೆಡರ್ ಕಂಪ್ರೆಷನ್ ಆನ್ ಮಾಡಿ

576 ಆರಿಸಿದವರು ಇದನ್ನು ಬಿಡಲೇಬಾರದು. ನೆಟ್‌ವರ್ಕ್ ತಜ್ಞ ವ್ಯಾನ್ ಜೇಕಬ್ಸನ್ 1990ರಲ್ಲಿ ಪ್ರಕಟಿಸಿದ ವಿಧಾನ ಇದು. ಒಂದೇ ಕನೆಕ್ಷನ್‌ನ ಸಾಲು ಸಾಲು ಪ್ಯಾಕೆಟ್‌ಗಳಲ್ಲಿ ಹೆಡರ್‌ನ ಹೆಚ್ಚಿನ ಭಾಗ ಬದಲಾಗುವುದೇ ಇಲ್ಲ. ಬದಲಾದದ್ದನ್ನು ಮಾತ್ರ ಕಳಿಸಿದರೆ 40 ಬೈಟ್ ಹೆಡರ್ ಮೂರು ನಾಲ್ಕು ಬೈಟ್‌ಗೆ ಇಳಿಯುತ್ತದೆ. ಮೇಲೆ ಹೇಳಿದ 8 ಸೆಕೆಂಡ್ ನಷ್ಟ ಬಹುಪಾಲು ಇಲ್ಲೇ ವಾಪಸ್ ಸಿಗುತ್ತದೆ.

ವಿಂಡೋಸ್‌ನಲ್ಲಿ ಕನೆಕ್ಷನ್‌ನ ಟಿಸಿಪಿ/ಐಪಿ ಸೆಟ್ಟಿಂಗ್ಸ್ ಒಳಗೆ ಯೂಸ್ ಐಪಿ ಹೆಡರ್ ಕಂಪ್ರೆಷನ್ ಎಂಬ ಚೌಕ ಇದೆ, ಟಿಕ್ ಹಾಕಿ. ಆ ಕಡೆಯ ಸರ್ವರ್ ಕೂಡ ಒಪ್ಪಬೇಕು. ಟಿಕ್ ಹಾಕಿದ ಮೇಲೆ ಕನೆಕ್ಟ್ ಆದರೂ ಪೇಜ್‌ಗಳು ತೆರೆಯದಿದ್ದರೆ ತೆಗೆದುಬಿಡಿ. ಲಿನಕ್ಸ್‌ನಲ್ಲಿ ಇದು ತಾನಾಗಿಯೇ ಆನ್ ಇರುತ್ತದೆ. ಆದರೆ ಅಲ್ಲಿ ಟಿಸಿಪಿ ಟೈಮ್‌ಸ್ಟ್ಯಾಂಪ್ (ಪ್ಯಾಕೆಟ್‌ಗೆ ಹಾಕುವ ಸಮಯದ ಗುರುತು) ಕೂಡ ಮೊದಲಿನಿಂದಲೇ ಆನ್. ಟೈಮ್‌ಸ್ಟ್ಯಾಂಪ್ ಹೆಡರ್‌ಗೆ 12 ಬೈಟ್ ಸೇರಿಸುತ್ತದೆ, ಅದು ಬದಲಾಗುತ್ತಾ ಇರುವುದರಿಂದ ಈ ಹಳೆಯ ಕಂಪ್ರೆಷನ್ ಸೋತು ಪೂರ್ತಿ ಹೆಡರ್ ಕಳಿಸುತ್ತದೆ. ಡಯಲ್-ಅಪ್‌ಗೆ ಲಿನಕ್ಸ್ ಸೆಟ್ಟಿಂಗ್ ಬದಲಿಸುವ ಸಿಸ್‌ಸಿಟಿಎಲ್ ಕಮಾಂಡ್‌ನಲ್ಲಿ ಟಿಸಿಪಿ ಟೈಮ್‌ಸ್ಟ್ಯಾಂಪ್ಸ್ ಅನ್ನು 0 ಮಾಡಿ. ಅಪರೂಪಕ್ಕೆ ಯಾರಾದರೂ ಹೇಳುವ ವಿಷಯ ಇದು, ಫಲ ಮಾತ್ರ ಖಂಡಿತ.

ಹಂತ 6: ರಿಸೀವ್ ವಿಂಡೋ

ಕಾಯುವಿಕೆ ಕಡಿಮೆ ಮಾಡಬೇಕು ಎನ್ನುವವರಿಗೆ ಎಂಟಿಯುಗಿಂತ ಇದು ಮುಖ್ಯ ಅಂತ ನಾನು ಹೇಳುತ್ತೇನೆ. ಉತ್ತರಕ್ಕೆ ಕಾಯದೆ ಸರ್ವರ್ ಒಂದೇ ಬಾರಿಗೆ ಎಷ್ಟು ಡೇಟಾ ಕಳಿಸಬಹುದು ಎನ್ನುವ ಮಿತಿ ರಿಸೀವ್ ವಿಂಡೋ. ಹಳೆಯ ವಿಂಡೋಸ್‌ನಲ್ಲಿ ಅದು 8192 ಬೈಟ್. ಡೌನ್‌ಲೋಡ್ ಓಡುವಾಗ ಇದರ ಬಹುಪಾಲು ಇಂಟರ್ನೆಟ್ ಕಂಪನಿಯ ಕಡೆ ಸಾಲುಗಟ್ಟಿ ನಿಲ್ಲುತ್ತದೆ. 48 ಕೆಬಿಪಿಎಸ್‌ನಲ್ಲಿ ಅಷ್ಟೂ ಖಾಲಿಯಾಗಲು ಸುಮಾರು 1.4 ಸೆಕೆಂಡ್ ಬೇಕು. ನಿಮ್ಮ ಚಾಟ್‌ನ ಉತ್ತರ ಆ ಸಾಲಿನ ಹಿಂದೆ ನಿಲ್ಲುತ್ತದೆ. ಪ್ಯಾಕೆಟ್ ಎಷ್ಟೇ ಚಿಕ್ಕದು ಮಾಡಿದರೂ ಸಾಲಿನ ಒಟ್ಟು ಉದ್ದ ಅಷ್ಟೇ ಇದ್ದರೆ ಏನು ಬಂತು?

ವಿಂಡೋ ಯಾವಾಗಲೂ ಎಂಎಸ್‌ಎಸ್‌ನ ಪೂರ್ಣ ಗುಣಕ ಇರಲಿ. 536ರ ನಾಲ್ಕು ಪಟ್ಟು 2144. ಅದು 0.36 ಸೆಕೆಂಡಿನಲ್ಲಿ ಖಾಲಿಯಾಗುತ್ತದೆ. ಡೌನ್‌ಲೋಡ್ ಸ್ಪೀಡ್ ಕುಸಿದರೆ ಆರು ಪಟ್ಟು, ಎಂಟು ಪಟ್ಟು ಮಾಡಿ, ದೂರದ ಸರ್ವರ್‌ಗಳಿಗೆ ಅಷ್ಟು ಬೇಕಾಗುತ್ತದೆ. ವಿಂಡೋಸ್ 98ರಲ್ಲಿ ವಿಎಕ್ಸ್‌ಡಿ ಒಳಗಿನ ಎಂಎಸ್‌ಟಿಸಿಪಿ ಕೀಯಲ್ಲಿ ಡಿಫಾಲ್ಟ್ ಆರ್‌ಸಿವಿ ವಿಂಡೋ ಎಂಬ ಸ್ಟ್ರಿಂಗ್, ಎಕ್ಸ್‌ಪಿಯಲ್ಲಿ ಟಿಸಿಪಿಐಪಿ ಒಳಗಿನ ಪ್ಯಾರಾಮೀಟರ್ಸ್‌ನಲ್ಲಿ ಟಿಸಿಪಿ ವಿಂಡೋ ಸೈಜ್ ಎಂಬ ಡಿವರ್ಡ್. ಇವುಗಳ ಹೆಸರಲ್ಲೂ ಜಾಗ ಇಲ್ಲ. ಲಿನಕ್ಸ್‌ನಲ್ಲಿ ಡಿಫಾಲ್ಟ್ ರೂಟ್‌ಗೆ ವಿಂಡೋ 2144 ಎಂದು ಸೇರಿಸಬಹುದು. ವಿಸ್ಟಾ ನಂತರದ ವಿಂಡೋಸ್ ಇದನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಅಲ್ಲಿ ಒಂದು ಸಲಕ್ಕೆ ಒಂದೇ ಡೌನ್‌ಲೋಡ್ ಇಡುವುದು ಸುಲಭದ ದಾರಿ.

ಹಂತ 7: ಅಳೆದು ನೋಡಿ

ಎರಡು ಪರೀಕ್ಷೆ ಮಾಡಿ, ಬದಲಿಸುವ ಮುಂಚೆ ಒಮ್ಮೆ, ಬದಲಿಸಿದ ಮೇಲೆ ಒಮ್ಮೆ. ಮೊದಲನೆಯದಕ್ಕೆ ಸುಮಾರು 1 ಎಂಬಿಯ ಜಿಪ್ ಫೈಲ್ ಒಂದನ್ನು ಇಳಿಸಿ ಸಮಯ ನೋಡಿ. ಟೆಕ್ಸ್ಟ್ ಫೈಲ್ ಬೇಡ, ಅದನ್ನು ಮೋಡೆಮ್ ಕುಗ್ಗಿಸಿ ಲೆಕ್ಕ ಕೆಡಿಸುತ್ತದೆ. ಎರಡನೆಯದಕ್ಕೆ ಅದೇ ಫೈಲ್ ಇಳಿಯುತ್ತಿರುವಾಗ ಇನ್ನೊಂದು ಕಿಟಕಿಯಲ್ಲಿ ಮಾಮೂಲಿ ಚಿಕ್ಕ ಪಿಂಗ್ ಓಡಿಸಿ, ಎಷ್ಟು ಮಿಲಿಸೆಕೆಂಡ್ ಬರುತ್ತದೆ ಬರೆದಿಡಿ. ನಿಮ್ಮ ಶ್ರಮಕ್ಕೆ ಫಲ ಸಿಕ್ಕಿದೆಯೋ ಇಲ್ಲವೋ ಹೇಳುವುದು ಈ ಎರಡನೆಯ ಪರೀಕ್ಷೆಯೇ. ಪ್ರತಿ ಸಲ ಕನೆಕ್ಟ್ ಆದ ಸ್ಪೀಡ್ ಒಂದೇ ಇರಬೇಕು. 44 ಕೆಬಿಪಿಎಸ್‌ನ ಫಲಿತಾಂಶವನ್ನು 50ರ ಜೊತೆ ಹೋಲಿಸಿದರೆ ಏನೂ ತಿಳಿಯುವುದಿಲ್ಲ. ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ.

ಇವತ್ತಿನ ಇಂಟರ್ನೆಟ್‌ಗೆ ಎರಡು ಎಚ್ಚರಿಕೆ

ಐಪಿಯ ಹೊಸ ಆವೃತ್ತಿಯಾದ ಐಪಿವಿ6ಗೆ ಕನಿಷ್ಠ 1280 ಬೈಟ್ ಬೇಕೇ ಬೇಕು. ಲಿನಕ್ಸ್‌ನಲ್ಲಿ ಎಂಟಿಯು ಅದಕ್ಕಿಂತ ಕೆಳಗೆ ಇಳಿಸಿದರೆ ಆ ಕನೆಕ್ಷನ್‌ನಲ್ಲಿ ಐಪಿವಿ6 ನಿಂತೇ ಹೋಗುತ್ತದೆ. ಹಳೆಯ ಆವೃತ್ತಿ ಐಪಿವಿ4 ಮಾತ್ರ ಬಳಸುವವರಿಗೆ ಚಿಂತೆಯಿಲ್ಲ.

ಇನ್ನೊಂದು ಎಚ್ಚರಿಕೆ ಕ್ವಿಕ್ ಎಂಬ ಪ್ರೋಟೊಕಾಲ್ ಬಗ್ಗೆ. ಈಗಿನ ಬ್ರೌಸರ್‌ಗಳು ಬಳಸುವ ಈ ಪ್ರೋಟೊಕಾಲ್‌ಗೆ 1200 ಬೈಟ್‌ನ ಡೇಟಾಗ್ರಾಂ ಒಡೆಯದೆ ಹೋಗಲೇಬೇಕು. 576ರಲ್ಲಿ ಅದು ನಡೆಯುವುದಿಲ್ಲ, ಬ್ರೌಸರ್ ಟಿಸಿಪಿಗೆ ಮರಳಬೇಕಾಗುತ್ತದೆ, ಅದಕ್ಕೆ ಮೊದಲು ಒಂದಿಷ್ಟು ಹೊತ್ತು ವ್ಯರ್ಥವಾಗಬಹುದು. ಆದ್ದರಿಂದ ಹೊಸ ಬ್ರೌಸರ್‌ನಲ್ಲಿ ವೆಬ್ ನೋಡುವುದೇ ಮುಖ್ಯ ಕೆಲಸವಾದರೆ ಬ್ರೌಸರ್‌ನ ಸೆಟ್ಟಿಂಗ್ಸ್‌ನಲ್ಲಿ ಕ್ವಿಕ್ ಆಫ್ ಮಾಡಿ, ಇಲ್ಲವೇ ಎಂಟಿಯು 1500ರಲ್ಲೇ ಬಿಟ್ಟು ಹೆಡರ್ ಕಂಪ್ರೆಷನ್ ಮತ್ತು ರಿಸೀವ್ ವಿಂಡೋ ಮಾತ್ರ ಸರಿಮಾಡಿಕೊಳ್ಳಿ. ಆಗ ವಿಂಡೋ 1460ರ ಎರಡು ಪಟ್ಟು, ಅಂದರೆ 2920 ಇಟ್ಟು ಶುರು ಮಾಡಿ, ಡೌನ್‌ಲೋಡ್ ಕುಂಟಿದರೆ 4380ಕ್ಕೆ ಏರಿಸಿ.